ತೋರಿಯಾಮ ಚಿತ್ರಗಳು: ಯಾವ ಕಾಲದ್ದು, ಯಾವ ಪುಸ್ತಕ, ಯಾರಿಗೆ?

ಸ್ಕೂಲಿನಿಂದ ಬಂದು ಟಿವಿಯಲ್ಲಿ ಡ್ರ್ಯಾಗನ್ ಬಾಲ್ ಝೆಡ್ ನೋಡುತ್ತಿದ್ದ ಹುಡುಗ ಹುಡುಗಿಯರು ಈಗ ಸ್ವಂತ ದುಡ್ಡಲ್ಲಿ ಪುಸ್ತಕ ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಅವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಡ್ರ್ಯಾಗನ್ ಬಾಲ್ ಬರೆದ ಅಕಿರಾ ತೋರಿಯಾಮ ಅವರ ಚಿತ್ರಗಳನ್ನು ಕಾಗದದ ಮೇಲೆ ನೋಡಬೇಕು, ಎಲ್ಲಿಂದ ಶುರು ಮಾಡಲಿ? ಇಡೀ ಮಾಂಗಾ (ಜಪಾನಿ ಚಿತ್ರಕಥೆ) ಸೆಟ್ ತಗೊಳ್ಳೋದಾ, ಕಲರ್ ಎಡಿಷನ್ನಾ, ಇಲ್ಲಾ ಒಂದೇ ಒಂದು ಆರ್ಟ್ ಬುಕ್ ಸಾಕಾ?

ಒಂದೇ ಸಾಲಲ್ಲಿ ಉತ್ತರ ಹೇಳೋದು ಕಷ್ಟ. ತೋರಿಯಾಮ ಅವರ ಮೊದಲ ಕಥೆ ಜಪಾನಿನ ಶೋನೆನ್ ಜಂಪ್ ವಾರಪತ್ರಿಕೆಯಲ್ಲಿ ಬಂದದ್ದು 1978ರಲ್ಲಿ. ಅವರು ತೀರಿಕೊಂಡದ್ದು 2024ರ ಮಾರ್ಚ್ 1ರಂದು, 68ನೇ ವಯಸ್ಸಿನಲ್ಲಿ. ಇಷ್ಟು ವರ್ಷಗಳಲ್ಲಿ ಅವರ ಕೈ ಕನಿಷ್ಠ ಮೂರ್ನಾಲ್ಕು ಸಲ ಬದಲಾಗಿದೆ. 1982ರ ಅರಾಲೆ, 1986ರ ಗೋಕು, 1992ರ ಗೋಕು, 2013ರ ಜಾಕೋ, ಅವರ ಕಥೆಗಳ ನಾಯಕರ ಈ ನಾಲ್ಕು ಚಿತ್ರಗಳನ್ನೂ ಹೆಸರು ಮುಚ್ಚಿ ಪಕ್ಕಪಕ್ಕ ಇಟ್ಟರೆ, ಗೊತ್ತಿಲ್ಲದವರು ಬೇರೆ ಬೇರೆ ಜನ ಬರೆದದ್ದು ಅಂದುಕೊಂಡಾರು. ಟಿವಿಯಲ್ಲಿ ನಾವು ನೋಡಿದ್ದು ಇದರಲ್ಲಿ ಒಂದು ತುಂಡು ಮಾತ್ರ. ನನ್ನ ಕಣ್ಣಿಗೆ ಅದು ಎಲ್ಲಕ್ಕಿಂತ ಚೆಂದದ ತುಂಡೂ ಅಲ್ಲ.

ಏನನ್ನು ನೋಡಿ ಆರಿಸಬೇಕು

ಮೊದಲು ಕೇಳಬೇಕಾದ್ದು, ಆ ಗೆರೆ ತೋರಿಯಾಮ ಅವರದ್ದೇನಾ ಅಂತ. ಇದು ಸುಮ್ನೆ ಹೇಳುತ್ತಿರುವ ಮಾತಲ್ಲ. ಟಿವಿಯಲ್ಲಿ ಬಂದ ಅನಿಮೆಯ, ಅಂದರೆ ಜಪಾನಿ ಕಾರ್ಟೂನಿನ, ಚಿತ್ರಗಳು ತೋಯೆ ಸ್ಟುಡಿಯೋದ ಕಲಾವಿದರವು. ಡ್ರ್ಯಾಗನ್ ಬಾಲ್ ಸೂಪರ್ ಎನ್ನುವ ಮಾಂಗಾಕ್ಕೆ ಚಿತ್ರ ಬರೆದವರು ತೊಯೊತಾರೊ. ತೋರಿಯಾಮ ಅದರ ಕಥೆಯ ಎಳೆ ಕೊಟ್ಟರು, ಕೆಲವು ಪಾತ್ರಗಳ ರೂಪ ಕೊಟ್ಟರು, ಅಷ್ಟೇ. ತೊಯೊತಾರೊ ಕೆಲಸ ಕೆಟ್ಟದ್ದೇನಲ್ಲ. ಆದರೆ ನೀವು ಹುಡುಕುತ್ತಿರುವುದು ತೋರಿಯಾಮ ಕೈಯಾದರೆ ಅದನ್ನು ಪಟ್ಟಿಯಿಂದ ಈಗಲೇ ತೆಗೆದುಬಿಡಿ.

ಆಮೇಲೆ, ಪುಸ್ತಕ ಯಾತಕ್ಕೆ ಬೇಕು ಅನ್ನುವುದು. ಪೆನ್ನು ಹಿಡಿದು ಗೆರೆ ಕಲಿಯುವವರಿಗೆ ಬೇಕಾದ್ದೇ ಬೇರೆ. ಗೇಮ್, ಅನಿಮೇಷನ್ ಕೆಲಸದಲ್ಲಿ ಇರುವವರು ಪಾತ್ರಗಳ ವಿನ್ಯಾಸ ನೋಡುತ್ತಾರೆ. ಕೆಲವರಿಗೆ ಕಥೆ ಬೇಕು, ಕೆಲವರಿಗೆ ಭಾನುವಾರ ಮಧ್ಯಾಹ್ನ ಪುಟ ತಿರುವಿ ಖುಷಿಪಟ್ಟರೆ ಸಾಕು.

ಪುಟದ ಅಳತೆಯನ್ನು ಜಾಸ್ತಿ ಜನ ಮರೆಯುತ್ತಾರೆ. ಪತ್ರಿಕೆಯ ದೊಡ್ಡ ಪುಟಕ್ಕೆಂದು ಬರೆದ ಚಿತ್ರ ಅಂಗೈಯಗಲದ ಪುಸ್ತಕಕ್ಕೆ ಇಳಿದಾಗ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆಯೇ ಪುಸ್ತಕ ಮನೆಯಲ್ಲಿ ಯಾರ ಕೈಗೆ ಸಿಗುತ್ತದೆ ಅನ್ನೋದನ್ನೂ ಯೋಚಿಸಿ. ತೋರಿಯಾಮ ಅವರ ಹಳೆಯ ಕೆಲಸದಲ್ಲಿ ಪೋಲಿ ಜೋಕುಗಳು ಬೇಕಾದಷ್ಟಿವೆ.

ದುಡ್ಡಿನ ವಿಷಯಕ್ಕೆ ಬಂದರೆ, ಇಂಗ್ಲಿಷ್ ಆವೃತ್ತಿಗಳನ್ನು ತರುವುದು ಅಮೆರಿಕದ ವಿಜ್ ಮೀಡಿಯಾ. ಆಮದು ಪುಸ್ತಕಗಳ ಬೆಲೆ ಒಂದೊಂದು ತಿಂಗಳು ಒಂದೊಂದು ಥರ ಇರುತ್ತದೆ. ಹಾಗಾಗಿ ರೂಪಾಯಿ ಲೆಕ್ಕ ಬರೆಯುವುದಿಲ್ಲ. ಒಂದು ಪುಸ್ತಕದ ಬಜೆಟ್, ನಾಲ್ಕೈದು ಪುಸ್ತಕದ ಬಜೆಟ್, ಇಡೀ ಕಪಾಟಿನ ಬಜೆಟ್, ಹೀಗೆ ಅಂದಾಜು ಇಟ್ಟುಕೊಳ್ಳೋಣ.

ಡಾಕ್ಟರ್ ಸ್ಲಂಪ್: ಪುಟದ ಮೂಲೆ ಮೂಲೆಯಲ್ಲೂ ಏನೋ ಇದೆ

1980ರಿಂದ 1984ರವರೆಗೆ ಬಂದ ಕಥೆ, ಒಟ್ಟು 18 ಸಂಪುಟ. ಸೆನ್ಬೇ ಎನ್ನುವ ಅರೆಬರೆ ವಿಜ್ಞಾನಿ ಅರಾಲೆ ಎಂಬ ರೋಬೋ ಹುಡುಗಿಯನ್ನು ಮಾಡುತ್ತಾನೆ. ಅವಳಿಗೆ ಭೂಮಿಯನ್ನೇ ಗುದ್ದಿ ಒಡೆಯುವ ಶಕ್ತಿ, ಆದರೆ ಕಣ್ಣಿಗೆ ದಪ್ಪ ಕನ್ನಡಕ. ಅವರಿರುವ ಪೆಂಗ್ವಿನ್ ಹಳ್ಳಿಯಲ್ಲಿ ಸೂರ್ಯನಿಗೂ ಮುಖವಿದೆ, ಗುಡ್ಡಕ್ಕೂ ಮುಖವಿದೆ.

ಮಾಂಗಾಕ್ಕೆ ಬರುವ ಮೊದಲು ತೋರಿಯಾಮ ನಗೋಯಾದ ಒಂದು ಜಾಹೀರಾತು ಕಂಪನಿಯಲ್ಲಿ ಡಿಸೈನ್ ಕೆಲಸ ಮಾಡುತ್ತಿದ್ದರು. ಆ ಅಭ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಒಂದೊಂದು ಅಧ್ಯಾಯದ ಮೊದಲ ಪುಟವೂ ಒಂದು ಪೋಸ್ಟರ್. ಬೈಕು, ವಿಮಾನ, ಡೈನೋಸಾರ್ ಯಾವುದಾದರೂ ಇರಲಿ, ಬೋಲ್ಟು ಎಲ್ಲಿ ಕೂರುತ್ತದೆ, ಟೈರಿನ ಗೀರು ಹೇಗಿರುತ್ತದೆ ಅಂತ ಗೊತ್ತಿದ್ದವರು ಬರೆದದ್ದು. ಅವರಿಗೆ ಪ್ಲಾಸ್ಟಿಕ್ ಮಾಡೆಲ್ ಜೋಡಿಸುವ ಹುಚ್ಚು ಜೀವನಪೂರ್ತಿ ಇತ್ತು.

ಮೊದಲ ಸಂಪುಟದ ಅರಾಲೆಗೂ ಕೊನೆಯ ಸಂಪುಟದ ಅರಾಲೆಗೂ ಇರುವ ವ್ಯತ್ಯಾಸ ನೋಡಿ. ಮೊದಲು ಕೈಕಾಲು ಉದ್ದವಿರುವ, ನಿಜವಾದ ಹುಡುಗಿಯಂಥ ಮೈ. ಹೋಗ್ತಾ ಹೋಗ್ತಾ ತಲೆ ದೊಡ್ಡದಾಗಿ, ಮೈ ಮೋಟಾಗಿ, ಗುಂಡಗಾಗುತ್ತಾಳೆ. ಒಂದು ಪಾತ್ರ ಬರೆದು ಬರೆದು ಹೇಗೆ ಕೈಗೆ ಒಗ್ಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ತೊಡಕುಗಳೂ ಇವೆ. 18 ಸಂಪುಟವೂ ಒಟ್ಟಿಗೆ ಇಟ್ಟ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಜೋಕುಗಳು ಮಲದಿಂದ ಹಿಡಿದು ಒಳಉಡುಪಿನವರೆಗೆ ಹೋಗುತ್ತವೆ. ಅರಾಲೆ ಕಡ್ಡಿ ತಗೊಂಡು ಚುಚ್ಚಿ ಆಡುವುದು ಯಾವುದರ ಜತೆ ಅಂತ ಹೇಳದಿದ್ದರೇ ವಾಸಿ. ಹಾಗಾಗಿ ಸಿಕ್ಕ ಒಂದೆರಡು ಬಿಡಿ ಸಂಪುಟ ತಗೊಳ್ಳಿ. ಕಥೆಗಳೂ ಬಿಡಿಬಿಡಿ, ನಡುವಿನಿಂದ ಓದಿದರೂ ನಷ್ಟವಿಲ್ಲ. ಗೆರೆ ಕಲಿಯುವವರಿಗೆ ನನ್ನ ಮೊದಲ ಆಯ್ಕೆ ಇದೇ.

ಡ್ರ್ಯಾಗನ್ ಬಾಲ್, ಗೋಕು ಇನ್ನೂ ಪುಟ್ಟ ಹುಡುಗನಾಗಿದ್ದಾಗ

ಡ್ರ್ಯಾಗನ್ ಬಾಲ್ 1984ರ ಕೊನೆಯಲ್ಲಿ ಶುರುವಾಗಿ 1995ರಲ್ಲಿ ಮುಗಿಯಿತು. 519 ಅಧ್ಯಾಯ, ವಾರಕ್ಕೊಂದು. ಇದನ್ನು ಒಂದೇ ಕೆಲಸ ಅಂತ ನೋಡಬೇಡಿ, ಚಿತ್ರದ ಮಟ್ಟಿಗೆ ಇವು ಎರಡು.

ಮೊದಲರ್ಧದ ತೋರಿಯಾಮ ಪೆಂಗ್ವಿನ್ ಹಳ್ಳಿಯಿಂದ ಆಗಷ್ಟೇ ಹೊರಗೆ ಬಂದವರು. ಗೆರೆ ದುಂಡು, ಗುಡ್ಡಗಳು ಚೀನೀ ಚಿತ್ರಪಟದಿಂದ ಬಂದಂಥವು. ಮೊದಲ ಅಧ್ಯಾಯದಲ್ಲೇ ಬುಲ್ಮಾ ಎಂಬ ಹುಡುಗಿ ಒಂದು ಪುಟ್ಟ ಕಾರು ಓಡಿಸಿಕೊಂಡು ಕಾಡಿಗೆ ಬರುತ್ತಾಳೆ. ಫ್ರಾನ್ಸಿನ ರೆನೋ 5 ಕಾರನ್ನು ನೋಡಿದವರಿಗೆ ತಕ್ಷಣ ಗುರುತು ಹತ್ತುತ್ತದೆ. ಅದೇ ಪುಟಗಳಲ್ಲಿ ಬಾಲ ಇರುವ ಹುಡುಗ ಗೋಕು ಆ ಕಾರನ್ನೇ ಎತ್ತಿ ಬಿಸಾಡುತ್ತಾನೆ. ಕಾರು ಅಚ್ಚುಕಟ್ಟು, ಹುಡುಗ ಮೂರು ಗೆರೆಯ ಕಾರ್ಟೂನು. ಎರಡೂ ಒಂದೇ ಚೌಕಟ್ಟಿನಲ್ಲಿ ಕೂತರೂ ಕಣ್ಣಿಗೆ ಕಿರಿಕಿರಿ ಆಗುವುದಿಲ್ಲ. ತೋರಿಯಾಮ ಗುಟ್ಟು ಏನಾದರೂ ಇದ್ದರೆ ಅದು ಇಲ್ಲಿದೆ.

ಆಮೇಲೆ ಹೊಡೆದಾಟ ಜಾಸ್ತಿಯಾಯಿತು. ದೊಡ್ಡ ತಲೆ, ಗಿಡ್ಡ ಕೈಕಾಲಿನ ಮೈಗೆ ಸರಿಯಾಗಿ ಒದೆಯಲು, ಗುದ್ದಲು ಬರುವುದಿಲ್ಲ ಅನ್ನೋದು ತೋರಿಯಾಮಗೆ ಕಂಡಿತು. ಜನಪ್ರಿಯ ನಾಯಕನ ರೂಪ ಬದಲಿಸಲು ಸಂಪಾದಕರಿಗೆ ಇಷ್ಟವಿರಲಿಲ್ಲ. ಆದರೂ ಗೋಕು ದೊಡ್ಡವನಾದ. ಖಳ ಪಿಕೊಲೊ ಮಹಾರಾಜನ ಹೊಟ್ಟೆಯನ್ನು ಗೋಕು ಸೀಳಿ ಹೊರಬರುವ ಪುಟದಿಂದ ಹಿಡಿದು ಅವನು ಬೆಳೆದು ಪಂದ್ಯಕ್ಕೆ ಬರುವವರೆಗಿನ ಭಾಗವನ್ನು ನಾನು ಪದೇ ಪದೇ ತೆಗೆದು ನೋಡುತ್ತೇನೆ. ಹಳೆಯ ದುಂಡುತನ ಇನ್ನೂ ಹೋಗಿಲ್ಲ, ಹೊಸ ವೇಗ ಬಂದಿದೆ. ಯಾರ ಕಾಲು ಎಲ್ಲಿದೆ, ಏಟು ಯಾವ ಕಡೆಯಿಂದ ಬಂತು ಅಂತ ಒಂದು ಸಲಕ್ಕೇ ತಿಳಿಯುತ್ತದೆ. ಬರೀ ಮಾಂಗಾ ಓದುಗರಾದರೆ ದುಡ್ಡು ಇಲ್ಲಿ ಹಾಕಿ.

ಮಕ್ಕಳಿಗೆ ಕೊಡುವ ಮುನ್ನ ಒಂದು ಮಾತು. ಮುದುಕ ಗುರು ರೋಶಿ ಮತ್ತು ಬುಲ್ಮಾ ಸುತ್ತಲಿನ ಜೋಕುಗಳು ಇವತ್ತಿನ ಕಾಲಕ್ಕೆ ಕಸಿವಿಸಿ ತರುತ್ತವೆ. ಟಿವಿ ನೆನಪಿನಲ್ಲಿ ಎಂಟು ವರ್ಷದ ಮಗುವಿಗೆ ಉಡುಗೊರೆ ಕೊಟ್ಟುಬಿಡಬೇಡಿ.

ಸೂಪರ್ ಸೈಯನ್ ಕಾಲ: ಚೂಪು ಗೆರೆ, ಖಾಲಿ ಹಿನ್ನೆಲೆ

ಗೋಕು ಶಕ್ತಿ ಏರಿ ಸೂಪರ್ ಸೈಯನ್ ಎಂಬ ರೂಪ ತಾಳುವ ಈ ಭಾಗ ಎಲ್ಲರಿಗೂ ಗೊತ್ತಿರುವುದೇ. ಮೂಗು, ಗಲ್ಲ, ತೋಳಿನ ಸ್ನಾಯು ಎಲ್ಲ ಮೂಲೆ ಮೂಲೆಯಾಗುತ್ತವೆ. ಹಿನ್ನೆಲೆ ಬರುಬರುತ್ತಾ ಬಂಜರು ಭೂಮಿ. ತೋರಿಯಾಮ ತಾವು ಸೋಮಾರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಊರನ್ನು ಮೊದಲೇ ಸ್ಫೋಟಿಸಿಬಿಟ್ಟರೆ ಕಟ್ಟಡ ಬರೆಯುವ ಕೆಲಸ ತಪ್ಪುತ್ತದಲ್ಲ! ಸೂಪರ್ ಸೈಯನ್ ಕೂದಲು ಹೊಂಬಣ್ಣವಾದದ್ದಕ್ಕೂ ಇಂಥದ್ದೇ ಕಾರಣ. ಕಪ್ಪುಬಿಳುಪು ಪುಟದಲ್ಲಿ ಆ ಕೂದಲು ಬರೀ ಬಿಳಿ, ಸಹಾಯಕ ಕೂತು ಇಂಕು ತುಂಬಬೇಕಾಗಿಲ್ಲ. ಆ ಚುಚ್ಚುವ ನೋಟವನ್ನು ಬ್ರೂಸ್ ಲೀಯಿಂದ ತಂದದ್ದು ಅಂತಲೂ ಅವರು ಹೇಳಿದ್ದಾರೆ.

ಸೋಮಾರಿತನದಿಂದ ಹುಟ್ಟಿದ್ದು ಅಂತ ತಳ್ಳಿಹಾಕುವ ಹಾಗಿಲ್ಲ. ಖಳ ಫ್ರೀಜಾನ ರೂಪಗಳನ್ನು ಸಾಲಾಗಿ ಇಟ್ಟು ನೋಡಿ. ಮೊದಲು ಕೊಂಬಿರುವ ಕುಳ್ಳ. ಆಮೇಲೆ ದೈತ್ಯ. ಆಮೇಲೆ ತಲೆ ಹಿಂದಕ್ಕೆ ಚಾಚಿಕೊಂಡ ವಿಕಾರ. ಕೊನೆಗೆ ಬರುವುದು ಕೊಂಬೂ ಇಲ್ಲದ, ಮುಳ್ಳೂ ಇಲ್ಲದ, ನಯವಾದ ಪುಟ್ಟ ಮೈ. ಎಲ್ಲರೂ ರೂಪ ಬದಲಾದಂತೆ ಅಲಂಕಾರ ಸೇರಿಸುತ್ತಾ ಹೋದರೆ ಇವರು ಕಳೆಯುತ್ತಾ ಹೋದರು. ಭಯ ಜಾಸ್ತಿಯಾಗಿದ್ದು ಹಾಗೆ.

ಆಮೇಲಿನ ಖಳ ಸೆಲ್ ಹುಟ್ಟಿದ್ದು ಬೈಸಿಕೊಂಡು. ತೋರಿಯಾಮ ಅವರನ್ನು ಮೊದಲು ಬೆಳೆಸಿದ ಸಂಪಾದಕ ಕಝುಹಿಕೊ ತೊರಿಶಿಮಾ. ಆ ಹೊತ್ತಿಗೆ ಅವರು ಬೇರೆ ಕೆಲಸಕ್ಕೆ ಹೋಗಿದ್ದರು. ಆದರೂ 19, 20ನೇ ಆಂಡ್ರಾಯ್ಡ್ ಎಂಬ ಯಂತ್ರಮಾನವರನ್ನು ನೋಡಿ, ಒಬ್ಬ ಮುದುಕ ಒಬ್ಬ ಡುಮ್ಮ, ಇವರೇನು ಖಳರು ಅಂತ ಕೇಳಿದರಂತೆ. 17, 18 ಬಂದರು. ಅವರೋ ಬರೀ ಮಕ್ಕಳು ಅನ್ನಿಸಿಕೊಂಡರು. ಆಗ ಸೆಲ್ ಬಂದ. ಅವನ ಮೊದಲ ರೂಪ ಆಗಿನ ಸಂಪಾದಕರಿಗೆ ಹಿಡಿಸಲಿಲ್ಲ, ಅದೂ ಬದಲಾಯಿತು. ಸೋಮಾರಿ ಅಂದುಕೊಂಡ ಮನುಷ್ಯ ಕೊನೆಗೆ ಮೈತುಂಬಾ ಚುಕ್ಕೆ ಇರುವ ಪಾತ್ರವನ್ನು ವಾರವಾರ ಬರೆಯುತ್ತಾ ಕೂರಬೇಕಾಯಿತು.

ನೆನಪಿಗಾಗಿ, ಕಥೆಯ ಬಿಸಿಗಾಗಿ ಕೊಳ್ಳುವವರಿಗೆ ಈ ಭಾಗ. ಕಣ್ಣಿಗೆ ಹಬ್ಬ ಬೇಕು ಅನ್ನುವವರಿಗೆ ಇದು ಕೊನೆಯ ಆಯ್ಕೆ.

ಆವೃತ್ತಿಯ ಗೊಂದಲ ಇಲ್ಲೇ ಬಗೆಹರಿಸಿಕೊಳ್ಳೋಣ. ಮೂರು ಸಂಪುಟ ಒಂದರಲ್ಲಿ ಸೇರಿಸಿದ 3-ಇನ್-1 ಸರಣಿಯಲ್ಲಿ ಇಡೀ ಕಥೆ 14 ಪುಸ್ತಕಕ್ಕೆ ಮುಗಿಯುತ್ತದೆ. ಒಟ್ಟು ಲೆಕ್ಕದಲ್ಲಿ ಅಗ್ಗ, ಜಾಗವೂ ಕಮ್ಮಿ. ಆದರೆ ಪುಟ ಚಿಕ್ಕದು. ವಿಜ್‌ಬಿಗ್ ಎಂಬ ಹಳೆಯ ಸರಣಿಯಲ್ಲಿ ಪುಟ ದೊಡ್ಡದು, ಕೆಲವು ಪುಟ ಬಣ್ಣದಲ್ಲೇ ಇವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕಂಡರೆ ಬಿಡಬೇಡಿ. ಇನ್ನು ಫುಲ್ ಕಲರ್ ಆವೃತ್ತಿ: ಸೈಯನ್ ಭಾಗ 3 ಪುಸ್ತಕ, ಫ್ರೀಜಾ ಭಾಗ 5 ಪುಸ್ತಕ. ಮಕ್ಕಳಿಗೆ, ಅನಿಮೆಯಿಂದ ನೇರ ಬರುವವರಿಗೆ ಓದಲು ಸಲೀಸು. ಆದರೆ ಆ ಬಣ್ಣ ತೋರಿಯಾಮ ಹಾಕಿದ್ದಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ತುಂಬಿಸಿದ್ದು. ಕಪ್ಪು ಬಿಳುಪನ್ನೇ ಲೆಕ್ಕ ಹಾಕಿ ಬರೆದ ಪುಟದ ಮೇಲೆ ಬಣ್ಣ ಕೂತಾಗ ಗೆರೆಯ ಜೋರು ಇಳಿಯುತ್ತದೆ. ತೋರಿಯಾಮ ಬಣ್ಣ ಬೇಕೆಂದು ಇದನ್ನು ಕೊಳ್ಳುವುದು ದಂಡ.

ಅವರದೇ ಬಣ್ಣ ಬೇಕಾದರೆ

ಡ್ರ್ಯಾಗನ್ ಬಾಲ್: ದಿ ಕಂಪ್ಲೀಟ್ ಇಲಸ್ಟ್ರೇಷನ್ಸ್ ಎಂಬ ಪುಸ್ತಕದಲ್ಲಿ ಧಾರಾವಾಹಿ ಬರುತ್ತಿದ್ದ ಕಾಲದ ಬಣ್ಣದ ಚಿತ್ರಗಳಿವೆ. ಜಪಾನಿನಲ್ಲಿ ಇದು 1995ರಲ್ಲಿ ಬಂತು. ಮುಖಪುಟಗಳು, ಅಧ್ಯಾಯದ ಮೊದಲ ಪುಟಗಳು, ಪೋಸ್ಟರ್‌ಗಳು. ಕೈಯಿಂದ ಹಾಕಿದ ಬಣ್ಣ. ಕಥೆ ಚೂಪಾಗುತ್ತಿದ್ದ ವರ್ಷಗಳಲ್ಲೂ ಇಲ್ಲಿ ಗೋಕು, ಅವನ ಮಗ ಗೋಹಾನ್ ಹೊಸ ಬಟ್ಟೆ ಹಾಕಿಕೊಂಡು ಯಾವುದೋ ವಿಚಿತ್ರ ಬೈಕು, ಹಾರುವ ಗಾಡಿ ಹತ್ತಿ ಕೂತಿರುತ್ತಾರೆ. ವಾರದ ಪುಟದಲ್ಲಿ ಉಳಿಸಿದ ಶ್ರಮವನ್ನೆಲ್ಲ ಇಲ್ಲಿ ಸುರಿದಿದ್ದಾರೆ ಅನಿಸುತ್ತದೆ.

ಆಮೇಲೆ ಬಂದ ವಿಷುವಲ್ ಹಿಸ್ಟರಿ ಎಂಬ ಪುಸ್ತಕ ಇನ್ನಷ್ಟು ವರ್ಷಗಳನ್ನು ಸೇರಿಸಿಕೊಳ್ಳುತ್ತದೆ, ಪಾತ್ರಗಳ ಕರಡು ಚಿತ್ರಗಳನ್ನೂ ಕೊಡುತ್ತದೆ. ಕರಡು ನೋಡುವ ಆಸೆ ಇದ್ದವರಿಗೆ ಇದು, ಬರೀ ಚೆಲುವಿಗೆ ಮೊದಲನೆಯದು. ಎರಡರಲ್ಲೂ ಸಾಕಷ್ಟು ಚಿತ್ರಗಳು ಒಂದೇ, ಎರಡನ್ನೂ ಕೊಳ್ಳುವ ಅಗತ್ಯ ಇಲ್ಲ.

ಡ್ರ್ಯಾಗನ್ ಕ್ವೆಸ್ಟ್: ವಿನ್ಯಾಸ ಕಲಿಯುವವರಿಗೆ

1986ರ ಮೇ ತಿಂಗಳಲ್ಲಿ ಡ್ರ್ಯಾಗನ್ ಕ್ವೆಸ್ಟ್ ಎಂಬ ವಿಡಿಯೋ ಗೇಮ್ ಬಂತು. ಅದನ್ನು ರೂಪಿಸಿದವರು ಯುಜಿ ಹೊರಿ. ಆಟಗಾರನಿಗೆ ಮೊದಲು ಎದುರಾಗುವ ಸಣ್ಣ ರಾಕ್ಷಸ ಸ್ಲೈಮ್. ಹೊರಿ ಕೊಟ್ಟ ಸ್ಕೆಚ್‌ನಲ್ಲಿ ಅದು ನೆಲದ ಮೇಲೆ ಬಿದ್ದ ಲೋಳೆ ಗುಡ್ಡೆ. ತೋರಿಯಾಮ ವಾಪಸು ಕಳಿಸಿದ್ದು ಮೋದಕದ ಆಕಾರದ ಒಂದು ನೀಲಿ ಜೀವ. ಮೇಲೆ ಚೂಪು, ಕೆಳಗೆ ದುಂಡು, ಎರಡು ದೊಡ್ಡ ಕಣ್ಣು, ಕಿವಿಯವರೆಗೂ ನಗು. ಆಗಿನ ಗೇಮ್ ಯಂತ್ರದಲ್ಲಿ ಕೈಬೆರಳೆಣಿಕೆಯ ಬಣ್ಣ, ದಪ್ಪ ದಪ್ಪ ಪಿಕ್ಸೆಲ್. ಆ ಕೊರತೆಯಲ್ಲೂ ಗುರುತು ಸಿಗುವ ಆಕಾರ ಬೇಕಿತ್ತು. ಇಷ್ಟು ವರ್ಷದ ಮೇಲೂ ಅದನ್ನು ಯಾರೂ ತಿದ್ದಿಲ್ಲ.

ಡ್ರ್ಯಾಗನ್ ಕ್ವೆಸ್ಟ್ ಇಲಸ್ಟ್ರೇಷನ್ಸ್ ಎಂಬ ಗಟ್ಟಿ ರಟ್ಟಿನ ಪುಸ್ತಕದಲ್ಲಿ 30 ವರ್ಷಗಳ ಈ ಕೆಲಸ ಇದೆ, 500ಕ್ಕೂ ಹೆಚ್ಚು ಚಿತ್ರ. ಇಂಗ್ಲಿಷಿನಲ್ಲಿ ಬಂದದ್ದು 2018ರಲ್ಲಿ. ನಾಯಕರಿಗಿಂತ ರಾಕ್ಷಸರ ಪುಟಗಳಲ್ಲಿ ಕೂರಿ. ಸುತ್ತಿಗೆ ಹಿಡಿದ ಕೂದಲಿನ ಮುದ್ದೆ, ನಗುವ ಕಲ್ಲು, ಪೆದ್ದು ಮುಖದ ಅಸ್ಥಿಪಂಜರ. ಪ್ರತಿಯೊಂದಕ್ಕೂ ಒಂದು ಸ್ವಭಾವ ಇದೆ, ಅದು ಎರಡು ಸೆಕೆಂಡಲ್ಲಿ ತಿಳಿಯುತ್ತದೆ. 80ರ ದಶಕದ ದುಂಡು ಗೆರೆಯಿಂದ ಕಂಪ್ಯೂಟರ್ ಬಣ್ಣದ ಕಾಲದವರೆಗೆ ಎಲ್ಲವೂ ಒಂದೇ ಪುಸ್ತಕದಲ್ಲಿ ಸಿಗುವುದರಿಂದ ಕೈ ಬದಲಾದ ರೀತಿಯೂ ಕಣ್ಣಮುಂದೆ ಬರುತ್ತದೆ. ಗೇಮ್ ಆಡಿರಲೇಬೇಕು ಅಂತೇನಿಲ್ಲ. ಒಂದೇ ಪುಸ್ತಕ ಕೊಳ್ಳುವ ಶಕ್ತಿ ಇರುವವರಿಗೆ ನಾನು ಇದನ್ನೇ ಹೇಳುವುದು. ಗೋಕು ಇಲ್ಲ ಅಲ್ವಾ ಅಂತ ಮುಖ ಸಣ್ಣ ಮಾಡುವವರು ಹಿಂದಿನ ಆಯ್ಕೆಗೆ ಹೋಗಿ.

ಗೇಮ್ ಅಂದಮೇಲೆ 1995ರ ಕ್ರೋನೊ ಟ್ರಿಗರ್ ಹೆಸರು ಹೇಳದಿದ್ದರೆ ಅಭಿಮಾನಿಗಳು ಬಿಡಲ್ಲ. ಅದರ ಕಪ್ಪೆ ಯೋಧ ಒಬ್ಬನೇ ಸಾಕು.

ಒಂದೇ ಸಂಪುಟದ ಕಥೆಗಳು

ದೊಡ್ಡ ಓಟ ಮುಗಿದ ಮೇಲೆ ತೋರಿಯಾಮ ಮತ್ತೆ ಸಣ್ಣ ಸಣ್ಣ ಕೆಲಸಕ್ಕೆ ಇಳಿದರು. ಬಜೆಟ್ ಚಿಕ್ಕದಿದ್ದು ಕಥೆಯೂ ಬೇಕು ಅನ್ನುವವರು ಇಲ್ಲಿ ಬನ್ನಿ.

2000ದ ಸ್ಯಾಂಡ್ ಲ್ಯಾಂಡ್ 14 ಅಧ್ಯಾಯದ ಕಥೆ. ನೀರಿಲ್ಲದ ಮರಳುಗಾಡು, ನೀರು ಮಾರಿ ಹೊಟ್ಟೆ ಬೆಳೆಸುವ ರಾಜ, ಕೆರೆ ಹುಡುಕಿ ಹೊರಡುವ ಮುದುಕ ಪೊಲೀಸು ಮತ್ತು ಒಬ್ಬ ರಾಕ್ಷಸ ರಾಜಕುಮಾರ. ಕದ್ದ ಒಂದು ಟ್ಯಾಂಕಿನಲ್ಲಿ ಇವರ ಪಯಣ. ಸಹಾಯಕರಿಲ್ಲದೆ ಒಬ್ಬರೇ ಬರೆದದ್ದು. ಟ್ಯಾಂಕ್ ಬರೆಯುವುದು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು ಅಂತ ಅವರೇ ಗೊಣಗಿದ್ದಾರೆ. ಆದರೆ ಆ ಟ್ಯಾಂಕೇ ಕಥೆಯ ನಾಯಕ. ಓರೆಯಾಗಿ, ಮೇಲಿಂದ, ಧೂಳಿನ ಮಧ್ಯೆ, ಯಾವ ಕಡೆಯಿಂದ ನೋಡಿದರೂ ಅದರ ಭಾರ ಗೊತ್ತಾಗುತ್ತದೆ. ಯುದ್ಧದ ಬಗ್ಗೆ ಮುದುಕ ಪೊಲೀಸಿನ ಮಾತುಗಳಲ್ಲಿ ಡ್ರ್ಯಾಗನ್ ಬಾಲ್‌ನಲ್ಲಿ ಇಲ್ಲದ ಒಂದು ಸಂಕಟ ಇದೆ.

ಕೋವಾ! ಅದಕ್ಕೂ ಮೊದಲಿನದು, 1997ರಲ್ಲಿ ಶುರುವಾದದ್ದು. ಅರ್ಧ ರಕ್ತಪಿಶಾಚಿ, ಅರ್ಧ ಕೋಆಲಾ ಆಗಿರುವ ಹುಡುಗ, ಊರಿಗೆ ಬಂದ ರಾಕ್ಷಸ ಜ್ವರಕ್ಕೆ ಔಷಧಿ ತರಲು ಹಳೇ ಸುಮೋ ಪೈಲ್ವಾನನೊಬ್ಬನ ಜತೆ ಹೊರಡುತ್ತಾನೆ. ಮನೆಯಲ್ಲಿ ಮಕ್ಕಳಿದ್ದರೆ ಬೇರೆ ಯೋಚನೆಯೇ ಬೇಡ, ಇದನ್ನು ತಗೊಳ್ಳಿ.

2013ರ ಜಾಕೋ ಚೊಕ್ಕವಾಗಿದೆ, 11 ಅಧ್ಯಾಯ, ಡ್ರ್ಯಾಗನ್ ಬಾಲ್‌ಗೂ ಒಂದು ಕೊಂಡಿ ಇದೆ. ಗೆರೆ ಮಾತ್ರ ತೆಳು, ಎಲ್ಲ ಒಂದೇ ದಪ್ಪ. ಚಿತ್ರಕ್ಕಾಗಿ ಕೊಳ್ಳುವವರಿಗೆ ನಾನು ಒತ್ತಾಯ ಮಾಡಲ್ಲ. ಆರಂಭದಿಂದ ಬರೆದ ಬಿಡಿ ಕಥೆಗಳನ್ನು ಕೂಡಿಸಿದ ಮಾಂಗಾ ಥಿಯೇಟರ್ ಎಂಬ ಒಂದು ದಪ್ಪ ಪುಸ್ತಕವೂ ಇದೆ. ಮೊದಮೊದಲ ಕಥೆಗಳಲ್ಲಿ ಕೈ ಇನ್ನೂ ಪಳಗಿಲ್ಲ. ಬೆಳವಣಿಗೆ ಅಧ್ಯಯನ ಮಾಡುವವರಿಗೆ ಚಿನ್ನ, ಉಳಿದವರಿಗೆ ಅಷ್ಟಕ್ಕಷ್ಟೆ.

ಹಾಗಾದರೆ ಏನು ಕೊಳ್ಳೋದು

ದುಡ್ಡೇ ಹಾಕದೆ ರುಚಿ ನೋಡಬೇಕಾದರೆ ವಿಜ್‌ನ ಶೋನೆನ್ ಜಂಪ್ ಆ್ಯಪ್ ಭಾರತದಲ್ಲೂ ಸಿಗುತ್ತದೆ. ಮೊದಲ ಕೆಲವು ಅಧ್ಯಾಯ ಪುಕ್ಕಟೆ, ಚಂದಾ ಕಟ್ಟಿದರೆ ಮುಂದಿನವೂ ತೆರೆಯುತ್ತವೆ. ಕಥೆಗೆ ಫೋನು ಸಾಕು. ಗೆರೆಗೆ ಸಾಲದು.

ಒಂದು ಪುಸ್ತಕದ ಬಜೆಟ್‌ನಲ್ಲಿ ಚಿತ್ರವೇ ಮುಖ್ಯವಾದರೆ ಡ್ರ್ಯಾಗನ್ ಕ್ವೆಸ್ಟ್, ಕಥೆಯೂ ಬೇಕಾದರೆ ಸ್ಯಾಂಡ್ ಲ್ಯಾಂಡ್. ಎರಡನೆಯದು ತೆಳು ಸಂಪುಟ, ಜೇಬಿಗೂ ಹಗುರ. ನಾಲ್ಕೈದು ಪುಸ್ತಕ ಕೊಳ್ಳಬಲ್ಲವರು 3-ಇನ್-1ರ ಮೊದಲ ಐದನ್ನು ತಗೊಂಡು ನಿಲ್ಲಿಸಿದರೂ ತೋರಿಯಾಮ ಅವರ ಅತ್ಯುತ್ತಮ ಕಥಾಚಿತ್ರಣ ಕೈಯಲ್ಲಿರುತ್ತದೆ. ಆಮೇಲಿನ ಕಥೆ ಟಿವಿಯಲ್ಲಿ ಹೇಗೂ ನೋಡಿದ್ದೀರಿ. ಇಡೀ 14 ಕೊಳ್ಳುವ ದುಡ್ಡಿದ್ದರೆ ಅದರಲ್ಲಿ ಸ್ವಲ್ಪ ತೆಗೆದು ಕಂಪ್ಲೀಟ್ ಇಲಸ್ಟ್ರೇಷನ್ಸ್‌ಗೆ ಇಡಿ, ಬಣ್ಣ ಮತ್ತು ಗೆರೆ ಎರಡೂ ಸಿಕ್ಕಿದ ಹಾಗಾಗುತ್ತದೆ.

ಆರ್ಟ್ ಬುಕ್‌ಗಳನ್ನು ಆದಷ್ಟು ಅಂಗಡಿಯಲ್ಲೇ ತೆರೆದು ನೋಡಿ. ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಿವೆ. ಆನ್‌ಲೈನ್‌ನಲ್ಲಿ ತರಿಸಿದರೆ ಮೂಲೆ ಮಡಚದೆ ಬಂದಿದೆಯಾ, ಅಚ್ಚು ಮಸುಕಾಗಿಲ್ಲವಾ ಅಂತ ಪರೀಕ್ಷಿಸಿ. ಮಸುಕಾದ ಅಚ್ಚು ಅಂದರೆ ನಕಲಿ ಪ್ರತಿ ಇರಬಹುದು.

ಹಳೆಯ ಬಿಡಿ ಸಂಪುಟ ಕೂಡಿಸುವವರು ಸಂಖ್ಯೆ ನೋಡಿ ಮೋಸ ಹೋಗಬೇಡಿ. ಜಪಾನಿನಲ್ಲಿ 1ರಿಂದ 42ರವರೆಗೆ ಒಂದೇ ಸರಣಿ. ವಿಜ್ ಅದನ್ನು ಎರಡು ಹೆಸರಲ್ಲಿ ತಂದಿತು: ಡ್ರ್ಯಾಗನ್ ಬಾಲ್ 16 ಸಂಪುಟ, ಡ್ರ್ಯಾಗನ್ ಬಾಲ್ ಝೆಡ್ 26 ಸಂಪುಟ. ಹಾಗಾಗಿ ಡ್ರ್ಯಾಗನ್ ಬಾಲ್ 16 ಓದಿ ಮುಗಿಸಿದ ಮೇಲೆ ಅಂಗಡಿಯವರ ಹತ್ತಿರ 17 ಕೇಳಬೇಡಿ, ಝೆಡ್ 1 ಕೇಳಿ.